ನಾನು ತಿರುಗಿಸಿ ಹೇಳಿದ ಮಾತು

ಮೇಷ್ಟ್ರು ಹೇಳಿ ಕಳಿಸಿದ್ದು ನನ್ನ ತಂಗಿ ಹಂಪವ್ವನ ಹೆಸರು. ಮನೆಗೆ ಬಂದು ನಾನು ಹೇಳಿದ್ದು ನನ್ನ ಹೆಸರು. ಇಷ್ಟೇ ನನ್ನ ಪಾಪ ಎಂದು ಬರೆದು ನಿಲ್ಲಿಸಬಹುದಿತ್ತು — ಆದರೆ ನಾನು ಅಷ್ಟಕ್ಕೆ ನಿಲ್ಲಲಿಲ್ಲ.

ಬ್ರಿಟಿಷರ ಕಾಲ. ನಮ್ಮಪ್ಪ ಆದೋನಿಯ ಹತ್ತಿ ಪೇಟೆಯಲ್ಲಿ ಹಮಾಲಿ. ಹಂಪವ್ವ ನನಗಿಂತ ಚಿಕ್ಕವಳಾದರೂ ಮೇಷ್ಟ್ರು ಆಕೆಯನ್ನು ಎತ್ತಿ ನನ್ನ ತರಗತಿಯಲ್ಲೇ ಕೂರಿಸಿದ್ದರು. ಹೆಣ್ಣುಮಗಳನ್ನು ಸಾಲೆಗೆ ಕಳಿಸುತ್ತಾನೆಂದು ಪೇಟೆಯಲ್ಲಿ ಅಪ್ಪನನ್ನು ನೋಡಿ ನಗುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಾಡಿಯ ಮೇಲಿನ ಹತ್ತಿಯ ಬೇಲು ಉರುಳಿ ಅವನ ಸೊಂಟದ ಮೇಲೆ ಬಿತ್ತು. ಅಪ್ಪ ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಅವ್ವನೊಬ್ಬಳ ಕೂಲಿಯಲ್ಲಿ ಒಲೆ ಹೊತ್ತುವುದು ಕಷ್ಟವಾಯಿತು. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಾವು ಜಿನ್ನು ಅನ್ನುತ್ತಿದ್ದೆವು. ಅಲ್ಲಿನ ಮೇಸ್ತ್ರಿ ಬಂದು, ಇಬ್ಬರಲ್ಲಿ ಒಂದು ಕೂಸನ್ನು ಕಳಿಸು ಎಂದ.

ಅಪ್ಪ ನನ್ನನ್ನು ಹತ್ತಿರ ಕರೆದ. “ಗಂಡು ಹೆಣ್ಣು ಅಂತ ನಾ ನೋಡಂಗಿಲ್ಲ. ಯಾರ ತಲಿಗೆ ಓದು ಹತ್ತತೈತೋ ಅವರು ಸಾಲ್ಯಾಗ ಉಳೀಲಿ. ಹೋಗು, ಮೇಷ್ಟ್ರನ್ನ ಕೇಳಿಕೊಂಡು ಬಾ.”

ಕೇಳಲು ನನ್ನನ್ನೇ ಕಳಿಸಿದ. ನನ್ನ ಮೇಲೆ ಅಷ್ಟು ನಂಬಿಕೆ.

ಮೇಷ್ಟ್ರು ಬಹಳ ಯೋಚಿಸಲಿಲ್ಲ. “ಹಂಪವ್ವನ್ನ ಬಿಡಿಸಬ್ಯಾಡ ಅಂತ ಹೇಳು ನಿಮ್ಮಪ್ಪಗ. ಆಕಿನ್ನ ನಾ ಮೇಷ್ಟ್ರಮ್ಮನ್ನ ಮಾಡತೀನಿ,” ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. “ನಿನಗ ಓದು ಹತ್ತಂಗಿಲ್ಲಪ್ಪ. ಬ್ಯಾಸರ ಮಾಡಿಕೋಬ್ಯಾಡ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ — ಆ ಮೆತ್ತನೆಯ ಕೈ ನನ್ನನ್ನು ಸುಟ್ಟಿತು.

ಮನೆಯಲ್ಲಿ ಹಂಪವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಮಲಗಿದಲ್ಲಿಂದಲೇ ಕೇಳಿದ, “ಏನಂದ್ರೋ?”

“ನಾ ಉಳೀಬೇಕಂತ. ಹಂಪಿಗೆ ಓದು ಹತ್ತಂಗಿಲ್ಲಂತ.”

ಆಕೆಯ ಕೈ ನಿಂತಿತು. “ಖರೇನ ಹಂಗಂದ್ರಾ, ಅಣ್ಣಾ?”

ಹೂಂ ಎಂದೆ. ಆಕೆಯ ಮುಖ ನೋಡಿಕೊಂಡೇ ಎಂದೆ. ಮರುದಿನ ಬೆಳಿಗ್ಗೆ ಮೇಸ್ತ್ರಿಯ ಹಿಂದೆ ನಡೆದುಹೋದಳು. ನಾನು ಪಾಟಿ ಹಿಡಿದು ಸಾಲೆಗೆ ಹೋದೆ. ಅಂದು ನನಗೆ ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗೆದ್ದೆ ಅನ್ನಿಸಿತ್ತು.

ಮೇಷ್ಟ್ರು ವಿಚಾರಿಸಿದರು. ಆಕೆಗೇ ಸಾಲೆ ಬೇಡವಂತೆ, ಸಾಲೆ ಅಂದರೆ ಅಳುತ್ತಾಳೆ ಎಂದೆ. ತಾವೇ ಮನೆಗೆ ಬರುತ್ತೇನೆ ಎಂದಾಗ, “ಬರಬ್ಯಾಡ್ರಿ, ಅಪ್ಪ ಸಿಟ್ಟಾಗ್ಯಾನ,” ಎಂದು ಆ ದಾರಿಯನ್ನೂ ಮುಚ್ಚಿದೆ. ಒಂದು ಸುಳ್ಳಿಗೆ ಕಾವಲು ಕೂರಿಸಲು ಇನ್ನೆಷ್ಟು ಸುಳ್ಳು —

ಇದಕ್ಕಿಂತ ಕೆಟ್ಟದ್ದು ಮುಂದಿದೆ. ನಾನು ಹಂಪವ್ವನಿಗೆ ರೊಟ್ಟಿ ಕೊಡಲು ಜಿನ್ನಿಗೆ ಹೋಗಿದ್ದಾಗ ಮದ್ರಾಸಿನ ಕಡೆಯ ಅಧಿಕಾರಿಯೊಬ್ಬ ತಪಾಸಣೆಗೆ ಬಂದ. ಕಾರಿನ ಸದ್ದು ಕೇಳಿದ್ದೇ ಮೇಸ್ತ್ರಿ ಮಕ್ಕಳನ್ನೆಲ್ಲ ಗೋದಾಮಿಗೆ ಅಟ್ಟಿ, ಮಲಗಿಸಿ, ಮೇಲೆ ಹಿಂಜಿದ ಹತ್ತಿ ಸುರಿಸಿದ. ಹೊರಗೆ ಉಳಿದವನು ತೊಳೆದ ಅಂಗಿಯ ನಾನೊಬ್ಬನೇ. ಇಲ್ಲಿ ಮಕ್ಕಳು ಕೆಲಸ ಮಾಡುತ್ತಾರೇನೋ ಎಂದು ಅಧಿಕಾರಿ ತೆಲುಗಿನಲ್ಲಿ ನನ್ನನ್ನೇ ಕೇಳಿದ.

“ಲೇರು ಸಾರ್,” ಎಂದೆ. ಯಾರೂ ಇಲ್ಲ.

ಹಾಗೆ ಹೇಳೆಂದು ಮೇಸ್ತ್ರಿ ಕಣ್ಣಸನ್ನೆಯನ್ನೂ ಮಾಡಿರಲಿಲ್ಲ. ಅವನೇ ಬೆರಗಾಗಿ ನನ್ನನ್ನು ನೋಡಿದ. ಹಂಪವ್ವ ಹೊರಬಿದ್ದು ಮನೆಗೆ ಬಂದರೆ ಮತ್ತೆ ಮೇಷ್ಟ್ರ ಮಾತು ಏಳುತ್ತದೆ, ನನ್ನ ಬುಡ ಅಲುಗುತ್ತದೆ — ನನ್ನ ತಲೆಯಲ್ಲಿದ್ದದ್ದು ಅದೊಂದೇ. ಅಧಿಕಾರಿ ಜಿನ್ನಿನ ಮಾಲೀಕ ಸಾವುಕಾರರ ಜೊತೆ ಕೂತು ನಿಧಾನವಾಗಿ ಚಹಾ ಕುಡಿದ. ಅವನು ಹೋದ ಮೇಲೆ ಹತ್ತಿ ಸರಿಸಿದರು. ಹಂಪವ್ವನ ತುಟಿ ನೀಲಿಗಟ್ಟಿತ್ತು. ಬೆನ್ನು ಗುದ್ದಿದ ಮೇಲೆ ಉಸಿರು ಬಂತು, ಬಿಳಿ ಎಳೆಗಳನ್ನು ಕೆಮ್ಮಿ ಕೆಮ್ಮಿ ಉಗುಳಿದಳು. ನನ್ನನ್ನು ಕಂಡು ಆಡಿದ ಮೊದಲ ಮಾತು — “ಅಣ್ಣಾ, ನಿನಗ ಸಾಲಿಗೆ ತಡ ಆಗಲಿಲ್ಲಾ?”

ಅಂದಿನಿಂದ ಆಕೆಯ ಉಸಿರಿನಲ್ಲಿ ಸಿಳ್ಳು ಸೇರಿಕೊಂಡಿತು. ಇಂದಿಗೂ ಹೋಗಿಲ್ಲ.

ಆಕೆಯ ಕೂಲಿಯಲ್ಲಿ ನಾನು ಓದಿದೆ. ಫೇಲಾಗಿ, ಉರು ಹೊಡೆದು, ಮತ್ತೆ ಕೂತು, ಕಡೆಗೆ ಮೇಷ್ಟ್ರೂ ಆದೆ. ಜಿನ್ನಿನಿಂದ ಬಂದು ತರಗತಿಯಲ್ಲಿ ತೂಕಡಿಸುವ ಹುಡುಗರಿಗೆ ಬೆತ್ತದಲ್ಲಿ ಹೊಡೆದೆ. ಹಂಪವ್ವನನ್ನು ಎಮ್ಮಿಗನೂರಿನ ನೇಕಾರರ ಮನೆಗೆ ಕೊಟ್ಟೆವು. ಆಕೆಯ ಮಗಳು ಗೌರಿ ಎರಡನೇ ತರಗತಿಯಲ್ಲಿದ್ದಾಗ ಒಮ್ಮೆ ಹೋದೆ. ಮಗುವನ್ನು ಸಾಲೆ ಬಿಡಿಸಿ ನೂಲು ಸುತ್ತಲು ಕೂರಿಸಿದ್ದಳು. ಯಾಕೆ ಎಂದೆ.

“ನಮ್ಮ ತಲಿನ ಅಂಥಾದ್ದಣ್ಣ. ನನಗ ಹತ್ತಂಗಿಲ್ಲಂತ ಮೇಷ್ಟ್ರ ಹೇಳಿದ್ರಲ್ಲ. ಈಕಿಗೆ ಎಲ್ಲಿಂದ ಹತ್ತಬೇಕು?”

ಬಾಯಿ ತೆರೆದಿದ್ದರೆ ಆ ಮಗು ಅಂದೇ ಸಾಲೆಗೆ ಹೋಗುತ್ತಿತ್ತು. “ಹೌದವ್ವ, ಎಲ್ಲರಿಗೂ ಹತ್ತಂಗಿಲ್ಲ,” ಎಂದೆ — ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಮೊನ್ನೆ ಹೋಗಿ ಎಲ್ಲವನ್ನೂ ಹೇಳಿದೆ. ಮೇಷ್ಟ್ರ ಮಾತು, ಅಧಿಕಾರಿಗೆ ಹೇಳಿದ್ದು, ಗೌರಿಯದು. ಇಬ್ಬರಿಗೂ ತಲೆ ನರೆತಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಗೋಡೆ ಹಿಡಿದು ಕೂತು ಬಹಳ ಹೊತ್ತು ಉಸಿರೆಳೆದುಕೊಂಡಳು.

“ನಂದು ಇರ್ಲಿ. ಗೌರಿನ್ನ ನಾನ ಕೈ ಹಿಡದು ಸಾಲ್ಯಾಗಿಂದ ಎಳಕೊಂಡು ಬಂದೀನಿ. ಕಂಬ ಹಿಡಕೊಂಡು ಅತ್ತಿತ್ತು ಕೂಸು. ಆಕಿಗೆ ನಾ ಏನಂತ ಹೇಳ್ಲಿ?”

ಆಕೆ ಎದ್ದು ಬಾಗಿಲ ಬಳಿ ನಿಂತಳು. “ಇನ್ನ ಈ ಮನಿಗೆ ಬರಬ್ಯಾಡ,” ಎಂದಳು. ಅಣ್ಣಾ ಅನ್ನಲಿಲ್ಲ.

ಗೌರಿ ಈಗ ದೇವನಕೊಂಡದಲ್ಲಿ ಗಂಡನ ಮನೆಯಲ್ಲಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ನಿಮ್ಮವ್ವನ ತಪ್ಪಿಲ್ಲ, ನಿನ್ನನ್ನು ಎಳೆದು ತಂದ ಕೈ ನನ್ನದು ಎಂದು ಆಕೆಯ ಮಕ್ಕಳ ಎದುರಿಗೇ ಹೇಳಬೇಕು. ಆಮೇಲೆ ಆಕೆ ಏನು ಮಾಡಿದರೂ — ಬೇಡ ಎನ್ನುವ ಹಕ್ಕು ನನಗಿಲ್ಲ.