ನಾಯಿಯನ್ನು ಹಿಡಿದ ಕೈ

ನಮ್ಮ ನಾಯಿ ಯಾರ ಕೈಗೂ ಸಿಗುವಂಥದ್ದಲ್ಲ. ಜಟಿಂಗ ರಾಮೇಶ್ವರದ ಬೆಟ್ಟ ಇಳಿದು ಬರುವಾಗ ನನ್ನ ಹೆಂಡತಿಯ ಹಿಂದೆ ಬಿದ್ದು ಬಂದ ಹೆಣ್ಣುಮರಿ. ಮೊಳಕಾಲ್ಮೂರಿನ ನಮ್ಮ ನೇಕಾರರ ಓಣಿಗೆ ಬಂದು ವರ್ಷಗಳಾದರೂ ಯಾರಾದರೂ ಮುಟ್ಟಲು ಹೋದರೆ ಮಾರು ದೂರ ಸರಿದು ನಿಲ್ಲುತ್ತಿತ್ತು. ದಿನಾ ಅನ್ನ ಹಾಕುವ ನನ್ನ ಹೆಂಡತಿಗೂ ಅಷ್ಟೇ, ಪಕ್ಕದ ಮನೆಯ ಅಜ್ಜಿಗೂ ಅಷ್ಟೇ. ನನ್ನ ಕೈಯೊಂದು ಮಾತ್ರ ಅದಕ್ಕೆ ಒಗ್ಗಿತ್ತು.

ಯಾಕೆ ಅಂತ ಕೇಳಿದರೆ ನನಗೂ ಗೊತ್ತಿಲ್ಲ. ನಾನು ಮುದ್ದು ಮಾಡುವ ಪೈಕಿ ಅಲ್ಲ, ಸಿಡುಕು ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ಗುಂಡಿ ಮಗ್ಗದೊಳಗೆ ಕಾಲು ಇಳಿಬಿಟ್ಟುಕೊಂಡು ರೇಷ್ಮೆ ಸೀರೆ ನೇಯುವವನು. ಮಗ್ಗದ ಗುಂಡಿಯಲ್ಲಿ ಕೂತರೆ ನಾವು ನೆಲದ ಮಟ್ಟಕ್ಕೇ ಇರುತ್ತೇವೆ, ನಾಯಿಯ ಮುಖವೂ ನನ್ನ ಮುಖವೂ ಹೆಚ್ಚುಕಡಿಮೆ ಒಂದೇ ಎತ್ತರ. ಮಗ್ಗ ಆಡುತ್ತಿರುವಷ್ಟು ಹೊತ್ತು ಅದು ಪಕ್ಕದಲ್ಲಿ ಮಲಗಿರುತ್ತಿತ್ತು. ಎಳೆ ಹರಿದು ನಾನು ಕೈ ನಿಲ್ಲಿಸಿದರೆ ಸಾಕು, ತಲೆ ತಂದು ನನ್ನ ಅಂಗೈ ಕೆಳಗೆ ತುರುಕುತ್ತಿತ್ತು. ಹರಿದ ಎಳೆ ಕಟ್ಟಬೇಕೋ ನಿನ್ನ ತಲೆ ಕೆರೆಯಬೇಕೋ ಎಂದು ಬೈದುಕೊಂಡೇ ಕೆರೆಯುತ್ತಿದ್ದೆ.

ಹೋದ ಸಲ ಶೇಂಗಾ ಕೀಳುವ ಕಾಲದಲ್ಲಿ ಅದು ಅನ್ನ ಬಿಟ್ಟಿತು. ಎಲ್ಲೋ ಏನೋ ತಿಂದು ಬಂದಿರಬೇಕು, ನಾಳೆ ಸರಿಹೋಗುತ್ತದೆ ಎಂದುಕೊಂಡೆವು. ಸರಿಹೋಗುವ ಬದಲು ಮೂಗಿನಿಂದ ರಕ್ತ ಇಳಿಯಿತು. ನಮ್ಮೂರಿನ ದನದ ಡಾಕ್ಟರು ನನ್ನ ಕೈಯಿಂದಲೇ ಅದರ ತುಟಿ ಎತ್ತಿಸಿ ಒಸಡು ನೋಡಿದರು. ಒಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಉಣ್ಣಿ ಕಚ್ಚಿ ಬರೋ ಜ್ವರ ಇರ್ಬೇಕು. ರಕ್ತ ಪರೀಕ್ಷೆ ಆಗ್ಬೇಕು, ದಿನಾ ಡ್ರಿಪ್ ಹಾಕ್ಬೇಕು. ಚಳ್ಳಕೆರೆಗೆ ಕರ್ಕಂಡು ಹೋಗ್ರಿ. ತಡ ಮಾಡಿದ್ರೆ ಉಳಿಯಲ್ಲ," ಎಂದರು.

ನಾಯಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದೆ. ಕಂಡಕ್ಟರ್ ಕಂಬಳಿ ಸರಿಸಿ ನೋಡಿ, "ಮ್ಯಾಲೆ ಲಗೇಜಿನ ಜೊತೆ ಕಟ್ಟಿದ್ರೆ ಬರ್ಲಿ, ಒಳಗೆ ಆಗಲ್ಲ," ಎಂದ. ಜ್ವರದಿಂದ ನಡುಗುವ ಪ್ರಾಣಿಯನ್ನು ಬಸ್ಸಿನ ಮೇಲೆ ಕಟ್ಟಬೇಕಂತೆ. ಬಾಯಿಗೆ ಬಂದ ಹಾಗೆ ಬೈದೆ. ಬೈದಿದ್ದರಿಂದ ಬಸ್ಸು ಹೋಯಿತೇ ಹೊರತು ಮತ್ತೇನೂ ಆಗಲಿಲ್ಲ.

ನಮ್ಮ ಓಣಿಯ ಕೊನೆಯ ಮನೆಯವರು ಲಗೇಜ್ ಆಟೋ ಇಟ್ಟುಕೊಂಡಿದ್ದಾರೆ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದರೆ ಚಳ್ಳಕೆರೆ ಮಾರ್ಕೆಟ್ಟಿಗೆ ಶೇಂಗಾ ಚೀಲ ಹೊಡೆಯುವುದೇ ಅವರ ಕೆಲಸ. ಬಸ್ ನಿಲ್ದಾಣದಿಂದ ಮುಖ ಊದಿಸಿಕೊಂಡು, ಇನ್ನೂ ಬಸ್ಸಿನವರನ್ನು ಬೈಯುತ್ತಲೇ ವಾಪಸ್ ಬರುತ್ತಿದ್ದ ನನ್ನನ್ನು ನೋಡಿ ಗಾಡಿ ನಿಲ್ಲಿಸಿದರು.

"ಅರೇ, ಬಸ್ಸಿನವ್ರತ್ರ ಯಾಕ್ ಜಗಳ ಆಡ್ತೀರಿ? ನನ್ ಗಾಡಿ ದಿನಾ ಹೋಗ್ತೈತೆ. ಚೀಲದ ಮ್ಯಾಲೆ ಕುಂತ್ಕಳ್ರಿ. ನಿಮ್ ನಾಯಿ ಏನ್ ನನ್ ಶೇಂಗಾ ತಿಂತೈತಾ?"

ಹೀಗೆ ಶೇಂಗಾ ಚೀಲದ ಮೇಲೆ ನಾನು, ನನ್ನ ತೊಡೆಯ ಮೇಲೆ ನಾಯಿ, ಮೇಲೆ ಬಿಸಿಲು, ಕೆಳಗೆ ಹೆದ್ದಾರಿ. ಚಳ್ಳಕೆರೆ ಬರುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.

ಅಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ಸಹಾಯಕ ನಾಯಿಯನ್ನು ಹಿಡಿಯಲು ಬಂದ. ಎದ್ದು ನಿಲ್ಲಲೂ ತ್ರಾಣವಿಲ್ಲದ ನಾಯಿ ಅವನಿಗೆ ಹಲ್ಲು ಕಿರಿಯಿತು.

"ಇದು ಯಾರ ಕೈಗೆ ಸಿಗುತ್ತೆ?" ಎಂದು ಡಾಕ್ಟರಮ್ಮ ಕೇಳಿದರು.

"ನನ್ನ ಕೈಗೆ ಮಾತ್ರ," ಎಂದೆ. ಸ್ವಲ್ಪ ಜಂಬದಿಂದಲೇ ಹೇಳಿದೆ.

"ಹಾಗಾದ್ರೆ ನೀವೇ ಹಿಡ್ಕೊಳ್ಳಿ."

ಹಿಡಿದೆ. ಒಂದು ಕೈಯಲ್ಲಿ ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ಮುಂಗಾಲು ಚಾಚಿ ಒತ್ತಿಹಿಡಿದೆ. ರಕ್ತನಾಳ ಸಿಗಲಿಲ್ಲ, ಮತ್ತೆ ಚುಚ್ಚಿದರು. ನಾಯಿ ಡಾಕ್ಟರಮ್ಮನನ್ನು ನೋಡಲಿಲ್ಲ, ಸೂಜಿಯನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿತ್ತು.

ಊರಿನ ಡಾಕ್ಟರು ಹೇಳಿದ್ದೇ ನಿಜವಾಯಿತು. ಉಣ್ಣಿ ಜ್ವರ, ರಕ್ತ ತೀರಾ ಇಳಿದುಹೋಗಿತ್ತು. ಅಲ್ಲಿಂದ ಮುಂದೆ ದಿನಾ ಇದೇ ಪಾಡು. ಬೆಳಿಗ್ಗೆ ಶೇಂಗಾ ಚೀಲ ಏರುವುದು, ಬಾಟಲಿ ಮುಗಿಯುವವರೆಗೆ ಕಾಲು ಒತ್ತಿ ಕೂರುವುದು, ಮಾರ್ಕೆಟ್ಟಿನಲ್ಲಿ ಗಾಡಿ ಖಾಲಿಯಾಗುವುದನ್ನು ಕಾದು ವಾಪಸ್ ಬರುವುದು. ಮನೆಗೆ ಬಂದರೆ ಗುಳಿಗೆ. ಗುಳಿಗೆಯನ್ನು ಬೆಲ್ಲದಲ್ಲಿಟ್ಟೆವು, ಬಾಳೆಹಣ್ಣಿನಲ್ಲಿಟ್ಟೆವು, ಬೆಲ್ಲ ಬಾಳೆಹಣ್ಣು ತಿಂದು ಗುಳಿಗೆಯನ್ನು ಅಚ್ಚುಕಟ್ಟಾಗಿ ಉಗುಳಿತು. ಕೊನೆಗೆ ದವಡೆ ಬಿಡಿಸಿ ಬೆರಳಿನಿಂದ ಗಂಟಲಿಗೆ ತಳ್ಳಬೇಕಾಯಿತು. ಅದನ್ನೂ ನಾನೇ ಮಾಡಬೇಕು. ಕಿವಿಯ ಸಂದಿಯಿಂದ ಚಿಮಟ ಹಿಡಿದು ಒಂದೊಂದೇ ಉಣ್ಣಿ ಕೀಳುವುದೂ ನಾನೇ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಧೂಳು ಹೊದ್ದುಕೊಂಡಿತ್ತು.

ಜನ ಸಹಾಯ ಮಾಡಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಪಕ್ಕದ ಮನೆಯ ಅಜ್ಜಿ ದಿನಾ ತೆಳ್ಳಗೆ ಗಂಜಿ ಕಾಸಿ ತರುತ್ತಿದ್ದಳು. "ಅಯ್ಯೋ ಪಾಪಂ, ಕೊಂಚೆಂ ತಿನು ತಲ್ಲೀ," ಎಂದು, ಸ್ವಲ್ಪ ತಿನ್ನು ತಾಯಿ ಅಂತ ತನ್ನ ತೆಲುಗಿನಲ್ಲೇ ರಮಿಸಿ ರಮಿಸಿ ಬಟ್ಟಲು ಮುಂದಿಡುತ್ತಿದ್ದಳು. ನಾಯಿ ನಿಧಾನವಾಗಿ ನೆಕ್ಕುತ್ತಿತ್ತು. ಹೆಂಡತಿ ಕಂಬಳಿ ಒಗೆದು ಒಣಗಿಸಿ ಬೆಚ್ಚಗೆ ಹಾಸುತ್ತಿದ್ದಳು. ಓಣಿಯವರು ಮನುಷ್ಯರನ್ನು ನೋಡಲು ಬರುವ ಹಾಗೆ ಬ್ರೆಡ್ಡು ಬಿಸ್ಕತ್ತು ಹಿಡಿದುಕೊಂಡು ಬಂದರು. ಅವುಗಳಲ್ಲಿ ಹೆಚ್ಚಿನವನ್ನು ಚಹಾದ ಜೊತೆ ತಿಂದು ಮುಗಿಸಿದವರೂ ಅವರೇ, ಇರಲಿ. ಗಂಜಿ ಅಜ್ಜಿಯ ಪಾಲಿಗೆ, ಹಾಸಿಗೆ ಹೆಂಡತಿಯ ಪಾಲಿಗೆ, ಬಿಸ್ಕತ್ತು ಓಣಿಯ ಪಾಲಿಗೆ ಹೋಯಿತು. ಸೂಜಿ, ಗುಳಿಗೆ, ಚಿಮಟ ಎಲ್ಲ ನನ್ನ ಪಾಲಿಗೆ ಬಂದವು. ಆಗ ಅದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯುವಷ್ಟು ತಲೆ ಆಗ ಇರಲೂ ಇಲ್ಲ, ಬರೀ ಸುಸ್ತು.

ಒಂದು ದಿನ ವಾಪಸ್ ಬರುವಾಗ ಮತ್ತೆ ಮೂಗಿನಿಂದ ರಕ್ತ ಬಂತು. ಖಾಲಿ ಚೀಲಗಳ ಮೇಲೆಲ್ಲ ಹರಡಿತು. ನಾನು ಅಂಗಿಯ ತುದಿಯಿಂದ ಒರೆಸಲು ಹೋದೆ, ಒರೆಸಿದಷ್ಟೂ ಬಂತು. ಗಾಡಿಯವರು ನಿಲ್ಲಿಸಿ, ನೀರಿನ ಬಾಟಲಿ ಹಿಡಿದು ಇಳಿದು ಬಂದರು.

"ಸಾಕಾಗೈತ್ರಿ ನಂಗೆ," ಎಂದೆ. "ಸಾಯಾದಾದ್ರೆ ಸತ್ತೋಗ್ಲಿ. ನಾಳೆ ನಾನು ಬರಲ್ಲ."

ಅವರು ನೀರು ಸುರಿದು ನನ್ನ ಕೈ ತೊಳೆಸಿದರು, ಒದ್ದೆ ಬಟ್ಟೆಯನ್ನು ನಾಯಿಯ ಮೂಗಿಗೆ ಒತ್ತಿದರು. ತಲೆ ಎತ್ತಲಾರದೆ ಬಿದ್ದಿದ್ದ ನಾಯಿ ಆ ದಿನ ಅವರನ್ನೂ ಬೇಡವೆನ್ನಲಿಲ್ಲ. ರಕ್ತ ನಿಂತ ಮೇಲೆ, "ಚೀಲ ತೊಳೆದ್ರೆ ಹೋಗ್ತೈತೆ ಬಿಡ್ರಿ," ಎಂದರು. ಮಾರನೇ ದಿನ ಬೆಳಿಗ್ಗೆ ಬಾಗಿಲ ಮುಂದೆ ಹಾರ್ನ್ ಕೇಳಿಸಿತು. ನಾನು ನಾಯಿಯನ್ನು ಎತ್ತಿಕೊಂಡು ಹೋಗಿ ಕೂತೆ.

ಉಳಿಯಿತು. ಹಾಲಿನವನು ಬಂದಾಗ ಮಲಗಿದಲ್ಲಿಂದಲೇ ಒಂದು ಸಲ ಬೊಗಳಿತು, ಕೀರಲು ದನಿ. ಅಜ್ಜಿ ಕೈಯಲ್ಲಿದ್ದ ಪೊರಕೆ ಬಿಟ್ಟು ಓಡಿ ಬಂದಳು. ಡ್ರಿಪ್ ನಿಂತಿತು, ಗುಳಿಗೆ ಮಾತ್ರ ತಿಂಗಳಿನ ಹತ್ತಿರ ಮುಂದುವರಿಯಿತು. ಅದೂ ಮುಗಿಯುವ ಹೊತ್ತಿಗೆ ನಾಯಿ ಮೈ ತುಂಬಿಕೊಂಡಿತ್ತು. ಯಾರಿಗೂ ಸಿಗದ ನಾಯಿ ಈಗ ಅಜ್ಜಿಯ ಪಕ್ಕದಲ್ಲಿ ಹೋಗಿ ಕೂರುತ್ತಿತ್ತು. ನನ್ನ ಹೆಂಡತಿಯ ಕೈಯಿಂದ ನೇರ ತುತ್ತು ತಿನ್ನುತ್ತಿತ್ತು. ಲಗೇಜ್ ಆಟೋ ಬಂದರೆ ಬಾಲ ಆಡಿಸುತ್ತಿತ್ತು. ದಿನಾ ಸೂಜಿಗೆ ಹೊತ್ತೊಯ್ದ ಗಾಡಿಯನ್ನೂ ಅದು ಕ್ಷಮಿಸಿತ್ತು.

ನಾನು ಹತ್ತಿರ ಹೋದರೆ ಎದ್ದು ಹೋಗುತ್ತಿತ್ತು. ಕೈ ಚಾಚಿದರೆ ಕಿವಿ ಹಿಂದಕ್ಕೆ ಮಡಚಿ, ಬಾಯಿ ಬಿಗಿದುಕೊಂಡು ಗೋಡೆಗೆ ಒತ್ತಿಕೊಳ್ಳುತ್ತಿತ್ತು. ಬಿಸ್ಕತ್ತು ಹಿಡಿದು ಕರೆದರೆ ಬಿಸ್ಕತ್ತನ್ನು ನೋಡದೆ ಇನ್ನೊಂದು ಕೈಯಲ್ಲಿ ಏನಿದೆ ಎಂದು ನೋಡುತ್ತಿತ್ತು.

"ಗುಳಿಗೆ ನೆಪ್ಪೈತೆ ಅದಕ್ಕೆ," ಎಂದಳು ಹೆಂಡತಿ. "ಬದುಕೈತಲ್ಲ, ಅದನ್ ನೋಡ್ರಿ."

ನಿಜ, ಬದುಕಿತ್ತು. ಅಷ್ಟಕ್ಕೇ ಅಲ್ಲವೇ ಒದ್ದಾಡಿದ್ದು. ಆದರೂ ಹೇಳಿಬಿಡುತ್ತೇನೆ, ನನಗೆ ಬಹಳ ಬೇಜಾರಾಯಿತು. ಒಂದು ಮಧ್ಯಾಹ್ನ ಅಜ್ಜಿಯ ಕಾಲ ಬಳಿ ಅದು ಹೊಟ್ಟೆ ಮೇಲೆ ಮಾಡಿ ಮಲಗಿದ್ದು ನೋಡಿ ಹೊಟ್ಟೆಕಿಚ್ಚಿನಿಂದ ಒಳಗೆ ಬಂದು, ಧೂಳು ಕೊಡವಿ ಮಗ್ಗಕ್ಕೆ ಇಳಿದೆ.

ಅಷ್ಟು ದಿನ ಬಿಟ್ಟ ಕೆಲಸ, ಮೊದಲು ಕೈ ಹಿಡಿತಕ್ಕೆ ಬರಲಿಲ್ಲ. ಆಮೇಲೆ ಬಂತು. ಬಲಗೈಯಲ್ಲಿ ಲಾಳಿಯ ಹಗ್ಗ ಎಳೆಯುವುದು, ಎಡಗೈಯಲ್ಲಿ ಹಣಿಗೆ ಬಡಿಯುವುದು, ಗುಂಡಿಯಲ್ಲಿ ಕಾಲು ತುಳಿಯುವುದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ನೆರಳು ಕಂಡಿತು. ನಾಯಿ ಒಳಗೆ ಬಂದು ನನ್ನ ಎರಡೂ ಕೈಗಳನ್ನು ಸುಮಾರು ಹೊತ್ತು ನೋಡುತ್ತ ನಿಂತಿತು. ಆಮೇಲೆ ತನ್ನ ಹಳೆಯ ಜಾಗದಲ್ಲಿ ಮಲಗಿತು. ಸಂತೋಷ ತಡೆಯಲಾಗದೆ ಮಗ್ಗ ನಿಲ್ಲಿಸಿ ಕೈ ಚಾಚಿದೆ. ಎದ್ದು ಹೊಸ್ತಿಲಾಚೆ ಹೋಗಿ ಕೂತಿತು. ಮತ್ತೆ ನೇಯಲು ಶುರು ಮಾಡಿದೆ, ಮತ್ತೆ ಬಂತು.

ಆಗ ಅರ್ಥವಾಯಿತು. ನನ್ನ ಎರಡೂ ಕೈ ಮಗ್ಗದ ಮೇಲಿದ್ದರೆ ಅದಕ್ಕೆ ನನ್ನ ಭಯವಿಲ್ಲ.

ಈಗಲೂ ಹಾಗೇ ಇದೆ. ಈಚೀಚೆಗೆ ಅದರ ಮೂತಿ ನನ್ನ ತೊಡೆಗೆ ತಗಲುವಷ್ಟು ಹತ್ತಿರ ಬರುತ್ತದೆ. ನನ್ನ ಬೆನ್ನು ಬಿದ್ದುಹೋಗಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ಊಟಕ್ಕೆ ಬರ್ರಿ ಎಂದು ಹೆಂಡತಿ ಒಳಗಿನಿಂದ ಕೂಗುತ್ತಾಳೆ. ನಾನು ಕೈ ನಿಲ್ಲಿಸದೆ, ಇನ್ನೊಂದ್ ಸ್ವಲ್ಪ ಹೊತ್ತು ತಡಿ ಎನ್ನುತ್ತೇನೆ.