ಮಗಳ ಆಟ ನೋಡಲು ಕೊಚ್ಚಿಗೆ

ತಿರುವನಂತಪುರದಲ್ಲಿ ಮಧ್ಯಾಹ್ನದ ರೈಲು ಹತ್ತುವಾಗ ನನ್ನ ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿದ ಬಟ್ಟೆಯ ಚೀಲವಿತ್ತು. ನನ್ನವರ ಕೊರಳಲ್ಲಿ ದುರ್ಬೀನು ನೇತಾಡುತ್ತಿತ್ತು.

"ರಾಕೆಟ್ ನೋಡಲಿಕ್ಕೆ ಹೊಂಟೇವೇನ್ರಿ?" ಎಂದೆ.

ಇವರು ಬಾಹ್ಯಾಕಾಶ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದವರು. ಹಾರುವ ವಸ್ತು ಯಾವುದಾದರೂ ಅವರಿಗೆ ದುರ್ಬೀನು ಬೇಕೇ ಬೇಕು. ನಾವು ಹೊರಟಿದ್ದು ಮಗಳು ಮೇಘನಾ ಗಾಲ್ಫ್ ಆಡುವುದನ್ನು ನೋಡಲು.

ಮೇಘನಾ ವೃತ್ತಿಪರ ಆಟಗಾರ್ತಿಯಾಗಿ ಹತ್ತು ವರ್ಷವಾಯಿತು. ನಡುವೆ ಒಂದು ವರ್ಷ ಮಣಿಕಟ್ಟಿನ ನೋವಿನಿಂದ ಮನೆಯಲ್ಲಿ ಕೂತಿದ್ದು ಬಿಟ್ಟರೆ ಕಾಲು ಒಂದೆಡೆ ನಿಂತದ್ದಿಲ್ಲ. ಬೆಂಗಳೂರು, ಜೈಪುರ, ಥಾಯ್ಲೆಂಡ್ ಎಂದು ಗೆದ್ದು ತಂದ ಕಪ್ಪುಗಳು ಶೋಕೇಸಿನಲ್ಲಿ ಹಿಡಿಸದೆ ಫ್ರಿಜ್ಜಿನ ಮೇಲೆ ಕೂತಿವೆ. ಆ ಗೆಲುವುಗಳನ್ನೆಲ್ಲ ನಾನು ನೋಡಿದ್ದು ಫೋನಿನಲ್ಲಿ. ಅವಳು ಬೆಳೆದ ಕೇರಳದಲ್ಲಿ ಇಂಥ ಪಂದ್ಯ ಇದೇ ಮೊದಲು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆಲ್ಲುವ ಆಟವಿದು. ಕೊನೆಯ ದಿನಕ್ಕೆ ಅವಳು ಒಂದು ಹೊಡೆತದಷ್ಟು ಮುಂದಿದ್ದಳು. ಈ ಸಲ ಕಣ್ಣಾರೆ ನೋಡಲೇಬೇಕು ಎಂದು ಹಟ ಹಿಡಿದು ಹೊರಟಿದ್ದೆ.

ಕೊಲ್ಲಂ ದಾಟುತ್ತಲೇ ಮಳೆ ಬಂತು, ಬಾಳೆಹಣ್ಣಿನ ಬಿಸಿ ಬಜ್ಜಿ ಪಳಂಪೊರಿಯೂ ಬಂತು. ಎದುರಿನ ಸೀಟಿನ ಮಲಯಾಳಿ ಅಕ್ಕ ನಮ್ಮ ಪ್ರಯಾಣದ ಕಾರಣ ಕೇಳಿ, "ಗಾಲ್ಫೋ? ಅದು ಪಣಕ್ಕಾರುಡೆ ಕಳಿಯಲ್ಲೇ?" ಎಂದರು. ದುಡ್ಡಿದ್ದವರ ಆಟವಲ್ಲವೇ ಎಂದು. ನನಗೆ ನಗು ಬಂತು. ನಮ್ಮದು ಕ್ವಾರ್ಟರ್ಸಿನ ಗಾಲ್ಫ್. ಊರಿನ ಹಳೆಯ ಒಂಬತ್ತು ಕುಳಿಗಳ ಮೈದಾನದಲ್ಲಿ ಹೊಡೆಯುವುದು ಮಗಳ ಕೆಲಸ, ಚೆಂಡು ಆರಿಸುವುದು ನನ್ನ ಕೆಲಸ. ಹುಲ್ಲಿನಲ್ಲಿ ಬೆಳ್ಳಗೆ ಕಂಡದ್ದನ್ನು ಎತ್ತಿ, ಸೆರಗಿಗೆ ಒರೆಸಿ, ಚೀಲಕ್ಕೆ ಹಾಕಬೇಕು. ಅವಳು ಶಾಲೆ ಮುಗಿಸುವವರೆಗೂ ಈ ನೌಕರಿ ಮಾಡಿದೆ. ಸಂಬಳವಿರಲಿಲ್ಲ, ರಜೆಯೂ ಇರಲಿಲ್ಲ.

ರಾತ್ರಿ ಕೊಚ್ಚಿಯ ಕಲೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮೈದುನನ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಮೆಟ್ರೋ ಹಿಡಿದೆವು. ಪಾಲಾರಿವಟ್ಟಂನಲ್ಲಿ ಆಫೀಸಿನ ಜನ ನುಗ್ಗಿದರು, ಕಳಮಶ್ಶೇರಿಯಲ್ಲಿ ಕಾಲೇಜಿನ ಹುಡುಗಿಯರು ಇಳಿದು ಹೋದರು. ಆಲುವಾದಿಂದ ಮೈದಾನಕ್ಕೆ ಆಟೋದವರು ಮುನ್ನೂರು ರೂಪಾಯಿ ಕೇಳಿದರು. ಇವರು ಚೌಕಾಸಿಗೆ ಇಳಿಯುವ ಮೊದಲೇ ನಾನು ಹತ್ತಿ ಕೂತೆ.

ಬಿಸಿಲು ಸುಡುತ್ತಿತ್ತು. ಹಗ್ಗದ ಹೊರಗೆ, ಮಾತಾಡದೆ, ಗುಂಪಿನ ಜೊತೆ ನಡೆದೆವು. ಹದಿನೆಂಟರಲ್ಲಿ ಹದಿನೈದು ಕುಳಿ ಮುಗಿದರೂ ಆ ಒಂದು ಹೊಡೆತದ ಮುನ್ನಡೆ ಹಾಗೇ ಇತ್ತು. ಹದಿನಾರರಲ್ಲಿ ಅವಳು ಹೊಡೆದ ಚೆಂಡು ಹಾದಿ ತಪ್ಪಿ, ಹಗ್ಗ ದಾಟಿ, ನಾನು ನೆರಳಿಗೆ ನಿಂತಿದ್ದ ಮಾವಿನ ಮರದ ಬುಡಕ್ಕೆ ಉರುಳಿ ಬಂತು. ನಾನು ಬಗ್ಗಿದೆ, ಎತ್ತಿದೆ, ಸೆರಗಿಗೆ ಒರೆಸಿದೆ. ಇನ್ನೇನು ಚೀಲಕ್ಕೆ ಹಾಕಬೇಕು, ಇವರು ದುರ್ಬೀನು ಇಳಿಸಿದರು.

"ಏನ ಮಾಡಿದಿ ನೀ?"

ರೆಫರಿ ಓಡಿ ಬಂದರು. ಪ್ರೇಕ್ಷಕರು ಎತ್ತಿದರೆ ಆಟಗಾರ್ತಿಗೆ ದಂಡವಿಲ್ಲ, ಆದರೆ ಚೆಂಡು ಇದ್ದ ಜಾಗದಲ್ಲೇ ಮತ್ತೆ ಇಡಬೇಕು ಎಂದರು. ಆ ಜಾಗ ಕಂಡವಳು ನಾನೊಬ್ಬಳೇ. ಚೆಂಡು ಎರಡು ಬೇರುಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಮೊಳದಾಚೆ ಸಮತಟ್ಟಾದ ಹುಲ್ಲಿತ್ತು.

"ಇವರು ನಿಮಗೆ ಪರಿಚಯವೇ?" ಎಂದು ರೆಫರಿ ಇಂಗ್ಲಿಷಿನಲ್ಲಿ ಕೇಳಿದರು.

"ನನ್ನ ತಾಯಿ. ಅವರು ತೋರಿಸಿದಲ್ಲೇ ಇಡುತ್ತೇನೆ," ಎಂದಳು ಮೇಘನಾ, ಇಂಗ್ಲಿಷಿನಲ್ಲೇ. ನನ್ನ ಕಡೆ ತಿರುಗಿ, "ಅಮ್ಮೇ, ಎವಿಡೆಯಾಯಿರುನ್ನು?" ಎಲ್ಲಿತ್ತು ಎಂದು ಕೇಳಿದಳು.

ನಿಮ್ಮ ಮುಂದೆ ಸುಳ್ಳೇಕೆ, ಮನಸ್ಸು ಆ ಹುಲ್ಲಿನವರೆಗೆ ಹೋಗಿ ಬಂತು. ಬೆರಳು ಮಾತ್ರ ಬೇರಿನ ಸಂದಿ ತೋರಿಸಿತು. ಅವಳು ಚೆಂಡನ್ನು ಅಲ್ಲೇ ಇಟ್ಟಳು. ಕೋಲು ಬೀಸಲು ಜಾಗವಿರಲಿಲ್ಲ. ಪಕ್ಕಕ್ಕೆ ತಟ್ಟಿ ಹೊರತೆಗೆಯುವುದರಲ್ಲೇ ಒಂದು ಹೊಡೆತ ಹೋಯಿತು. ಮುಂದಿನ ಕುಳಿಯಲ್ಲಿ ಇನ್ನೊಂದು ಹೋಯಿತು. ಎರಡನೇ ಸ್ಥಾನದಲ್ಲಿದ್ದ ಚಂಡೀಗಢದ ಹುಡುಗಿ ಒಂದು ಹೊಡೆತದಿಂದ ಗೆದ್ದಳು. ಮೇಘನಾ ಟೋಪಿ ತೆಗೆದು ಅವಳನ್ನು ಅಪ್ಪಿಕೊಂಡಳು.

ಬಹುಮಾನ ಹಂಚಿದ ಮೇಲೆ ಮೂವರೂ ನೆರಳಿನಲ್ಲಿ ಕೂತು ರೊಟ್ಟಿ ಬಿಚ್ಚಿದೆವು. "ನನ್ನ ಕೈಲೆ ಹೋತವ್ವಾ," ಎಂದೆ.

ನಾನು ಕನ್ನಡದಲ್ಲಿ ಏನೇ ಕೇಳಿದರೂ ಮಲಯಾಳದಲ್ಲಿ ಉತ್ತರಿಸುವವಳು ಅವತ್ತು ಧಾರವಾಡದ ಅವರಜ್ಜಿಯ ಹಾಗೆ ಮಾತಾಡಿದಳು. "ಚೆಂಡು ಬೇರಿನ ಕಡೆ ಉರುಳಿದ್ದು ನಾನೂ ನೋಡೇನಿ. ಎಲ್ಲಿ ನಿಂತಿತು, ಅದು ಕಾಣಲಿಲ್ಲ. ನೀ ಹುಲ್ಲಿನ ಕಡೆ ಬೆರಳ ಮಾಡಿದ್ರ, ಎಲ್ಲಾರ ಮುಂದ ನಮ್ಮವ್ವ ಸುಳ್ಳ ಹೇಳ್ತಾಳ ಅನಬೇಕಾಗ್ತಿತ್ತು ನಾ."

ಇನ್ನೊಂದು ರೊಟ್ಟಿ ಮುರಿದು ನನ್ನ ಕೈಗಿಟ್ಟು, "ಹಂಗ ಮಾಡೂದಿಲ್ಲಂತ ಗೊತ್ತಿತ್ತು ಬಿಡು," ಎಂದಳು. ಫ್ರಿಜ್ಜಿನ ಮೇಲಿನ ಯಾವ ಕಪ್ಪು ಬಂದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಸಂಜೆಯ ರೈಲಿಗೆ ಹೊತ್ತಾಗಿತ್ತು. ಗೇಟಿನಲ್ಲಿ ಆಟೋ ಹತ್ತಿ ಕೂತ ಮೇಲೆ ಇವರು ದುರ್ಬೀನು ನನ್ನ ಕೈಗಿಟ್ಟು, "ಅಲ್ಲಿ ನೋಡು," ಎಂದರು. ಖಾಲಿ ಮೈದಾನದಲ್ಲಿ ಮೇಘನಾ ಅದೇ ಮಾವಿನ ಮರದ ಬುಡದಲ್ಲಿದ್ದಳು. ಬೇರಿನ ಸಂದಿಯಲ್ಲಿ ಒಂದೊಂದೇ ಚೆಂಡು ಇಟ್ಟು, ಮೈ ಬಗ್ಗಿಸಿ, ನೇರ ಹೊರತೆಗೆಯುವ ದಾರಿ ಹುಡುಕುತ್ತಿದ್ದಳು. ಹೊಡೆದ ಚೆಂಡುಗಳು ಹುಲ್ಲಿನ ತುಂಬ ಬೆಳ್ಳಗೆ ಬಿದ್ದಿದ್ದವು.

"ಮುಂದಿನ ರೈಲಿಗೆ ಹೋಗೋಣ್ರಿ," ಎಂದು ಚೀಲದಲ್ಲಿದ್ದ ರೊಟ್ಟಿಯ ಡಬ್ಬಿ ಇವರ ತೊಡೆಯ ಮೇಲಿಟ್ಟು, ಖಾಲಿ ಚೀಲ ಹಿಡಿದು ನಾನು ಮೈದಾನಕ್ಕೆ ಇಳಿದೆ.