ನಂಬರ್ ಒನ್ ಕಂಪನಿಯ ಕ್ಷಮಾಪತ್ರ

ಏಣಿ ಮಾಡುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ಷಮೆಯಕ್ಕ ಎಂದೇ. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ದೂರು ಬಂದರೆ ಕ್ಷಮೆ ಕೇಳಿ ಪತ್ರ ಬರೆಯುವುದು, ಅದೂ ಕೈಬರಹದಲ್ಲಿ. "ನಾವು ಮೂರನೇ ಸ್ಥಾನದೋರು ಕಣಮ್ಮ, ತಗ್ಗಿ ಬಗ್ಗಿ ನಡೀಬೇಕು," ಎನ್ನುತ್ತಿದ್ದರು ಹಳೇ ಯಜಮಾನರು. ಒಂದು ಮೆಟ್ಟಿಲು ಅಲುಗಾಡಿದರೂ ತಪ್ಪು ನಮ್ಮದೇ ಎಂದು ಬರೆಸಿ, ಹೊಸ ಏಣಿಯ ಜೊತೆ ಅವಳನ್ನೇ ಕಳಿಸುತ್ತಿದ್ದರು. ಬೈಯಲು ಬಾಗಿಲಿಗೆ ಬಂದವರು ಕಾಫಿ ಕೊಟ್ಟು ಕಳಿಸಿದ್ದುಂಟು. ನಿಜ ಹೇಳಬೇಕೆಂದರೆ ಕಂಪನಿ ಮೇಲೆ ಬಂದದ್ದೇ ಆ ಪತ್ರಗಳಿಂದ.

ಯಜಮಾನರು ತೀರಿಕೊಂಡ ಮರುವರ್ಷ ಕಂಪನಿ ಮೊದಲ ಸ್ಥಾನಕ್ಕೇರಿತು. ಏರಿದ್ದೇ ತಡ, ಗೋಡೆಯ ಬಣ್ಣ ಬದಲಾಯಿತು, ಬೋರ್ಡು ಬದಲಾಯಿತು, ಯಜಮಾನರ ಮಗ ಎಲ್ಲರನ್ನೂ ಸಭೆಗೆ ಕರೆದ. "ನಾವು ಯಾರು ಅನ್ನೋದನ್ನ ಹೊಸದಾಗಿ ಕಲೀಬೇಕು. ಮುಂದಿರೋರು ಕ್ಷಮೆ ಕೇಳಲ್ಲ, ವಿವರಣೆ ಕೊಡ್ತಾರೆ." ಹತ್ತಿದ ಏಣಿಯನ್ನೇ ಒದೆಯುವ ಬುದ್ಧಿ ಏಣಿ ಕಂಪನಿಗೇ ಬರಬೇಕೆ! ಕ್ಷಮೆಯಕ್ಕನ ಕೈಗೆ ಅಚ್ಚಾದ ಮಾದರಿಯೊಂದು ಬಂತು: ನಮ್ಮ ಏಣಿಯಲ್ಲಿ ದೋಷವಿಲ್ಲ, ಬಳಸಿದವರ ಅಜಾಗರೂಕತೆಯೇ ಕಾರಣ. ಹೆಸರು ತುಂಬಿ ಸಹಿ ಹಾಕಿದರೆ ಮುಗಿಯಿತು. ಹೊಟ್ಟೆಪಾಡು, ಹಾಕಿದಳು. ನಾಚಿಕೆಯಿಂದ ಮನೆಯಲ್ಲಿ ಮಾತ್ರ ಬಾಯಿಬಿಡಲಿಲ್ಲ.

ಗಂಡ ಗೋಡೆಗಳಿಗೆ ಬಣ್ಣ ಹೊಡೆಯುವವನು. ಹೆಂಡತಿಯ ಕಂಪನಿಯದಲ್ಲದ ಏಣಿಯನ್ನು ಮುಟ್ಟಿದವನಲ್ಲ. ಒಂದು ಬೆಳಿಗ್ಗೆ ಅದೇ ಮಡಚುವ ಏಣಿಯ ಕೀಲು ಕಿತ್ತು ಬಂದು ಬಿದ್ದ, ಸೊಂಟ ಮುರಿಯಿತು. ಅದಕ್ಕಿಂತ ನೋಯಿಸಿದ್ದು ಮೇಸ್ತ್ರಿಯ ಮಾತು. "ಏಣಿ ಹತ್ತೋಕೆ ಬರದೋನನ್ನ ಯಾರು ಕೆಲಸಕ್ಕೆ ಕರೀತಾರೆ?" ಎಂದು ಅವನು ಊರೆಲ್ಲ ಡಂಗುರ ಸಾರಿದ್ದ.

"ದೂರು ಕೊಡೋಣ ಕಣೇ," ಎಂದ ಗಂಡ ಮಲಗಿದಲ್ಲಿಂದಲೇ. "ತಪ್ಪು ಏಣೀದು ಅಂತ ನಿಮ್ಮೋರು ಬರೆದುಕೊಟ್ರೆ ಸಾಕು, ಆ ಮೇಸ್ತ್ರಿ ಮುಖಕ್ಕೆ ಹಿಡೀತೀನಿ. ಎದ್ದಮೇಲೆ ನಾಲ್ಕು ಜನ ಕೆಲಸಕ್ಕೆ ಕರೀಬೇಕಲ್ಲ."

ಮೂರನೇ ದಿನ ಆ ದೂರು ಅವಳ ಮೇಜಿಗೇ ಬಂತು. ಅದನ್ನು ಹಿಡಿದುಕೊಂಡು ಯಜಮಾನರ ಮಗನ ಕೋಣೆಗೆ ಹೋದಳು.

"ಇದು ನಮ್ಮನೆಯವರದು ಸಾರ್. ಕೀಲನ್ನ ಕಣ್ಣಾರೆ ನೋಡಿದೀನಿ, ಬೆಸುಗೆನೇ ಸರಿಯಾಗಿ ಕೂತಿಲ್ಲ. ಇದೊಂದಕ್ಕಾದ್ರೂ..."

"ಒಂದು ಬರೆದ್ರೆ ನೂರು ಬರೀಬೇಕಾಗುತ್ತೆ ಅಕ್ಕ. ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಆ ಕುರ್ಚಿಗೆ ಬೇರೆಯವರು ಬರ್ತಾರೆ." ದನಿ ಏರಿಸದೆ, ನಯವಾಗಿಯೇ ಹೇಳಿದ.

ಮನೆಯಲ್ಲಿ ಈಗ ದುಡಿಯುವ ಕೈ ಅವಳದೊಂದೇ. ಮಾದರಿಯ ಖಾಲಿ ಜಾಗದಲ್ಲಿ ಗಂಡನ ಹೆಸರು ತುಂಬಿ ಸಹಿ ಹಾಕಿದಳು.

ಪತ್ರ ಅಂಚೆಯಲ್ಲಿ ಬಂತು. ಅವನು ದಿಂಬಿಗೊರಗಿ ಎರಡು ಸಲ ಓದಿದ, ಕೆಳಗಿನ ಸಹಿಯನ್ನು ನೋಡಿದ. ಬಾಯಿಗೆ ಬಂದಂತೆ ಬೈಯಲಿ ಎಂದು ಅವಳು ಗೋಡೆಗಾನಿಕೊಂಡು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇಷ್ಟು ವರ್ಷದಲ್ಲಿ ನೀನು ಸುಳ್ಳು ಬರೆದೋಳಲ್ಲ," ಎಂದ ಅವನು, ಕಾಗದ ಮಡಚುತ್ತಾ. "ನಾನೇ ಎಲ್ಲೋ ಕಾಲು ತಪ್ಪಿಟ್ಟಿರಬೇಕು ಬಿಡು. ಬಿದ್ದ ಹೊಡೆತಕ್ಕೆ ಕೀಲು ಹೋಗಿದೆ."

ಅವಳು ಇಲ್ಲ ಎನ್ನಲಿಲ್ಲ.